ಮನೆಯ ಕಂಪ್ಯೂಟರಿಗೂ ಬೇಕು ಒಂದು ಚಿಲಕ

ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಎಂದರೆ ಸುತ್ತಲ ಹಳ್ಳಿಗಳ ಜನರಿಗೆ ಮೊದಲು ನೆನಪಾಗುವುದು ಅಮರೇಶ್ವರ ಜಾತ್ರೆ. ಜಾತ್ರೆ ಎಂದಮೇಲೆ ಕೇಳಬೇಕೆ? ತೇರು, ಬೆಂಡು ಬತ್ತಾಸು, ಬಳೆ ಅಂಗಡಿ, ಆಟಿಕೆ, ತಿರುಗುವ ತೊಟ್ಟಿಲು ಎಲ್ಲವೂ ಇರುತ್ತವೆ. ಜನಜಂಗುಳಿಯ ನಡುವೆ ಜೇಬುಗಳ್ಳರೂ ಇರಬಹುದು, ಮೂಲೆಯಲ್ಲೆಲ್ಲೋ ಜೂಜಿನ ಕಟ್ಟೆಯೂ ಇರಬಹುದು. ಹಾಗೆಂದು ಮಕ್ಕಳನ್ನು ಜಾತ್ರೆಗೆ ಕರೆದೊಯ್ಯದ ತಂದೆ ತಾಯಿ ಇಲ್ಲ. ಕರೆದೊಯ್ದು ಕೈ ಬಿಡುವವರೂ ಇಲ್ಲ.

ಈಗ ಇನ್ನೊಂದು ಜಾತ್ರೆ ಮನೆಯೊಳಗೇ ಬಂದು ಕುಳಿತಿದೆ. ಅದು ವರ್ಷಕ್ಕೊಮ್ಮೆ ನೆರೆಯುವ ಜಾತ್ರೆಯಲ್ಲ, ಹಗಲು ರಾತ್ರಿ ನಡೆಯುವಂಥದ್ದು. ಅದರ ಹೆಸರು ಇಂಟರ್‌ನೆಟ್. ಭಾರತದ ಸಾಮಾನ್ಯ ಜನರಿಗೆ ಇದು ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ಅದು ಮಹಾನಗರಗಳ ಸೊತ್ತು. ದೂರವಾಣಿ ತಂತಿಯಲ್ಲಿ ಕಿರಗುಟ್ಟುತ್ತ ಆಮೆಯ ವೇಗದಲ್ಲಿ ಬರುತ್ತಿತ್ತು. 2016ರ ನಂತರ ಮೊಬೈಲ್ ಡೇಟಾ ಅಗ್ಗವಾದಾಗ ಹಳ್ಳಿಗಳ ಹೊಸ್ತಿಲಿಗೂ ಬಂತು. 2020ರಲ್ಲಿ ಕೊರೊನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ಪಾಠವೇ ಪರದೆಯ ಮೇಲೆ ಬಂದಿತು. ಅಲ್ಲಿಯವರೆಗೆ 'ಮೊಬೈಲ್ ಮುಟ್ಟಬೇಡ' ಎನ್ನುತ್ತಿದ್ದ ಪಾಲಕರೇ ಅದನ್ನು ಮಕ್ಕಳ ಕೈಗಿತ್ತು 'ಪಾಠ ಕೇಳು' ಎಂದರು. ಸಾಲ ಮಾಡಿ ಹಳೆಯ ಕಂಪ್ಯೂಟರ್ ಕೊಂಡವರೂ ಉಂಟು.

ಶಾಲೆಗಳು ಮತ್ತೆ ತೆರೆದವು. ಆದರೆ ಕಂಪ್ಯೂಟರ್ ಮನೆಯಲ್ಲೇ ಉಳಿಯಿತು. ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ತಂದೆ ಹಟ್ಟಿ ಗಣಿಯಲ್ಲಿ ಪಾಳಿ ಕೆಲಸದವನು. ತಾಯಿ ಹೊಲಕ್ಕೋ ಅಂಗನವಾಡಿಗೋ ಹೋಗುವವಳು. ಒಂಬತ್ತನೆಯ ತರಗತಿಯ ಮಗ ಕಂಪ್ಯೂಟರ್ ಮುಂದೆ ಒಬ್ಬನೇ. ಬಾಗಿಲಲ್ಲಿ ಚಪ್ಪಲಿಯ ಸದ್ದಾದರೆ ಸಾಕು, ಪರದೆ ಥಟ್ಟನೆ ಬದಲಾಗುತ್ತದೆ. ಆತ ನೋಡುತ್ತಿದ್ದುದೇನು? ಅಶ್ಲೀಲ ಚಿತ್ರವೇ, ಹಣ ಕಟ್ಟಿ ಆಡುವ ಆಟವೇ, ಅಥವಾ ಬರೀ ಕ್ರಿಕೆಟ್ಟೇ? ಹೆತ್ತವರಿಗೆ ತಿಳಿಯದು. ಕೇಳಿದರೆ ಜಗಳ, ಕೇಳದಿದ್ದರೆ ಆತಂಕ. ಕೊನೆಗೆ ತಂತಿ ಕಿತ್ತು ಯಂತ್ರವನ್ನು ಅಟ್ಟಕ್ಕೇರಿಸುವವರೂ ಇದ್ದಾರೆ. ಅದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ಬೇಡದ ತಾಣಗಳಿಗೆ ಮಾತ್ರ ಬಾಗಿಲು ಹಾಕಿ, ಬೇಕಾದವುಗಳಿಗೆ ತೆರೆದಿಡುವ ದಾರಿಗಳಿವೆ. ಅವುಗಳಲ್ಲಿ ಹೆಚ್ಚಿನವು ಪುಕ್ಕಟೆ. ಅವು ಹೇಗೆ ಕೆಲಸ ಮಾಡುತ್ತವೆ ಎಂಬುದು ತಿಳಿದರೆ, ಎಲ್ಲಿ ಸೋಲುತ್ತವೆ ಎಂಬುದೂ ತಿಳಿಯುತ್ತದೆ.

ಹೆಸರು ಮತ್ತು ವಿಳಾಸ

ಅಂತರ್ಜಾಲದಲ್ಲಿರುವ ಪ್ರತಿಯೊಂದು ತಾಣಕ್ಕೂ ಜನ ಬಳಸುವ ಒಂದು ಹೆಸರಿರುತ್ತದೆ. ಆದರೆ ಕಂಪ್ಯೂಟರಿಗೆ ಹೆಸರು ಸಾಲದು, ಅದಕ್ಕೆ ಅಂಕಿಗಳಲ್ಲಿರುವ ವಿಳಾಸ ಬೇಕು. ಇದಕ್ಕೆ ಐಪಿ ವಿಳಾಸ ಎನ್ನುತ್ತಾರೆ. 'ಗೌಡರ ಮನೆ' ಎಂದರೆ ಊರಿನವರಿಗೆ ಗೊತ್ತಾಗುತ್ತದೆ. ಹೊಸದಾಗಿ ಬಂದ ಅಂಚೆಯವನಿಗೆ ಮನೆ ನಂಬರೇ ಬೇಕಲ್ಲವೆ, ಹಾಗೆ.

ಹೆಸರನ್ನು ವಿಳಾಸಕ್ಕೆ ಬದಲಿಸಿ ಕೊಡುವವರು ಯಾರು? ಇಂಟರ್‌ನೆಟ್ಟಿನ ಪೂರ್ವಜನಾದ ಅರ್ಪಾನೆಟ್ ಜಾಲದ ಕಾಲದಲ್ಲಿ ಇಡೀ ಜಾಲಕ್ಕೆ ಒಂದೇ ಪಟ್ಟಿ ಇತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ತಂಡ ಅದನ್ನು ನಿರ್ವಹಿಸುತ್ತಿತ್ತು. ಯಾರಾದರೂ ಹೊಸ ಕಂಪ್ಯೂಟರನ್ನು ಜಾಲಕ್ಕೆ ಸೇರಿಸಿದರೆ ಅವರಿಗೆ ತಿಳಿಸಬೇಕು, ಅವರು ಪಟ್ಟಿಯಲ್ಲಿ ಬರೆಯಬೇಕು, ಉಳಿದವರೆಲ್ಲ ಅದನ್ನು ನಕಲು ಮಾಡಿಕೊಳ್ಳಬೇಕು. ಕಂಪ್ಯೂಟರುಗಳು ಹೆಚ್ಚಿದಂತೆ ಈ ಕ್ರಮ ಕೈಮೀರಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬ ವಿಜ್ಞಾನಿ ಡಿಎನ್‌ಎಸ್ ಎಂಬ ಹೊಸ ಏರ್ಪಾಡನ್ನು ರೂಪಿಸಿದ. ಒಂದೇ ಪಟ್ಟಿಯ ಬದಲು ಲೋಕದ ತುಂಬ ಹಂಚಿಹೋದ ಅನೇಕ ವಿಚಾರಣಾ ಕೇಂದ್ರಗಳು ಬಂದವು. ಇಂದು ಕಂಪ್ಯೂಟರಿನಲ್ಲಿ ಒಂದು ತಾಣದ ಹೆಸರನ್ನು ಬೆರಳಚ್ಚಿಸಿದೊಡನೆ, ಕಣ್ಣು ಮಿಟುಕಿಸುವುದರೊಳಗೆ, ಇಂಥ ಒಂದು ಕೇಂದ್ರಕ್ಕೆ ಪ್ರಶ್ನೆ ಹೋಗಿ ವಿಳಾಸ ಬರುತ್ತದೆ.

ಬೇಡದ ತಾಣಗಳನ್ನು ತಡೆಯುವ ಹಲವು ಉಪಾಯಗಳ ಗುಟ್ಟು ಇರುವುದು ಇಲ್ಲೇ. ವಿಳಾಸ ಸಿಗದಂತೆ ಮಾಡಿದರೆ ದಾರಿ ಮುಚ್ಚಿದಂತೆಯೇ ಸರಿ.

ಮೊದಲ ಚಿಲಕ: ಹಳೆಯ ಪಟ್ಟಿಯೇ

ಸೋಜಿಗದ ಸಂಗತಿಯೆಂದರೆ, ಫೈನ್ಲರ್ ತಂಡದ ಆ ಹಳೆಯ ಪಟ್ಟಿಯ ಪಳೆಯುಳಿಕೆ ಇಂದಿನ ಕಂಪ್ಯೂಟರುಗಳಲ್ಲೂ ಇದೆ. ಅದರ ಹೆಸರು 'ಹೋಸ್ಟ್ಸ್' ಕಡತ. ವಿಂಡೋಸ್ ಕಂಪ್ಯೂಟರಿನ ಸಿ ಡ್ರೈವ್‌ನಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ ಎಂಬ ಕೋಣೆಗಳನ್ನು ದಾಟಿದರೆ ಇದು ಸಿಗುತ್ತದೆ. ಕಂಪ್ಯೂಟರ್ ಹೊರಗಿನ ಡಿಎನ್‌ಎಸ್ ಕೇಂದ್ರವನ್ನು ವಿಚಾರಿಸುವ ಮೊದಲು ಈ ಪಟ್ಟಿಯನ್ನು ನೋಡುತ್ತದೆ. ಇದರಲ್ಲಿ ಉತ್ತರ ಸಿಕ್ಕರೆ ಹೊರಗೆ ಕೇಳುವುದೇ ಇಲ್ಲ.

ಆದ್ದರಿಂದ ಬೇಡದ ತಾಣದ ಹೆಸರಿನ ಮುಂದೆ ಸುಳ್ಳು ವಿಳಾಸವೊಂದನ್ನು ಬರೆದಿಟ್ಟರಾಯಿತು! ಮಾಡುವ ಕ್ರಮ ಹೀಗೆ: ನೋಟ್‌ಪ್ಯಾಡ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಆರಿಸಬೇಕು. ಹೋಸ್ಟ್ಸ್ ಕಡತವನ್ನು ತೆರೆಯಬೇಕು. ಮೊದಲೇ ಅದರದೊಂದು ಪ್ರತಿ ತೆಗೆದಿಟ್ಟುಕೊಂಡರೆ ಒಳ್ಳೆಯದು. ಕೊನೆಯ ಸಾಲಿನ ಕೆಳಗೆ 0.0.0.0 ಎಂದು ಬರೆದು, ಒಂದು ಜಾಗ ಬಿಟ್ಟು, ತಡೆಯಬೇಕಾದ ತಾಣದ ಹೆಸರನ್ನು ಬರೆದು ಉಳಿಸಬೇಕು. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ಹೆಸರಿಗೂ ಇಲ್ಲದ ಹೆಸರಿಗೂ ಬೇರೆ ಬೇರೆ ಸಾಲು ಬೇಕು. 0.0.0.0 ಎಂದರೆ ಎಲ್ಲಿಗೂ ಸೇರದ ವಿಳಾಸ. ಬ್ರೌಸರನ್ನು ಮುಚ್ಚಿ ತೆರೆದರೆ ಆ ತಾಣ ತೆರೆಯುವುದಿಲ್ಲ.

ಇದರ ಗುಣ ಸರಳತೆ. ದೋಷವೂ ಅದೇ. ಒಂದೊಂದೇ ಹೆಸರನ್ನು ಕೈಯಿಂದ ಬರೆಯಬೇಕು. ಲೋಕದಲ್ಲಿ ಇಂಥ ತಾಣಗಳು ಲೆಕ್ಕಕ್ಕೆ ಸಿಗದಷ್ಟಿವೆ. ಇಂದು ಒಂದನ್ನು ಮುಚ್ಚಿದರೆ ನಾಳೆ ಅಂಥದೇ ಹತ್ತು ಹುಟ್ಟುತ್ತವೆ. ಓದುವ ಹೊತ್ತಿನಲ್ಲಿ ಸಮಯ ತಿನ್ನುವ ನಾಲ್ಕೈದು ತಾಣಗಳನ್ನು ತಡೆಯಲು ಇದು ಸಾಕು. ಅಶ್ಲೀಲ ತಾಣಗಳ ಪ್ರವಾಹಕ್ಕೆ ಸಾಲದು.

ಹೆಬ್ಬಾಗಿಲಲ್ಲೇ ಕಾವಲು

ಎರಡನೆಯ ಉಪಾಯ ಇನ್ನೂ ಜಾಣತನದ್ದು. ಡಿಎನ್‌ಎಸ್ ಕೇಂದ್ರವನ್ನೇ ಬದಲಿಸುವುದು! ಸಾಮಾನ್ಯವಾಗಿ ಇಂಟರ್‌ನೆಟ್ ಒದಗಿಸುವ ಸಂಸ್ಥೆಯ ಕೇಂದ್ರವೇ ವಿಳಾಸ ಹೇಳುತ್ತದೆ. ಅದರ ಬದಲು, ಕೆಟ್ಟ ತಾಣಗಳ ಹೆಸರು ಕೇಳಿದರೆ 'ಅಂಥ ಮನೆಯೇ ಇಲ್ಲ' ಎನ್ನುವ ಕೇಂದ್ರವನ್ನು ಆರಿಸಿಕೊಳ್ಳಬಹುದು. ಓಪನ್‌ಡಿಎನ್‌ಎಸ್ ಸಂಸ್ಥೆಯ ಫ್ಯಾಮಿಲಿಶೀಲ್ಡ್ ಇಂಥದ್ದು. ಅದರ ವಿಳಾಸಗಳು 208.67.222.123 ಮತ್ತು 208.67.220.123. ಕ್ಲೌಡ್‌ಫ್ಲೇರ್ ಸಂಸ್ಥೆ 2020ರ ಏಪ್ರಿಲ್‌ನಲ್ಲಿ ಕುಟುಂಬಗಳಿಗಾಗಿ ತೆರೆದ ಸೇವೆಯ ವಿಳಾಸಗಳು 1.1.1.3 ಮತ್ತು 1.0.0.3. ಅಶ್ಲೀಲ ತಾಣಗಳ ಜೊತೆಗೆ ಕಂಪ್ಯೂಟರಿಗೆ ವೈರಸ್ ಹತ್ತಿಸುವ ತಾಣಗಳನ್ನೂ ಇದು ತಡೆಯುತ್ತದೆ. ಎರಡಕ್ಕೂ ಹಣ ಕೊಡಬೇಕಿಲ್ಲ. ಪಟ್ಟಿಗೆ ಹೊಸ ಹೆಸರು ಸೇರಿಸುವ ಕೆಲಸವೂ ಅವರದೇ.

ಈ ಅಂಕಿಗಳನ್ನು ಮನೆಯ ವೈಫೈ ರೌಟರ್‌ನಲ್ಲಿ ಬರೆದರೆ ಮನೆಯ ಎಲ್ಲ ಕಂಪ್ಯೂಟರ್, ಮೊಬೈಲ್, ಟಿ.ವಿ.ಗಳಿಗೂ ಒಂದೇ ಏಟಿಗೆ ಕಾವಲು ದೊರೆಯುತ್ತದೆ. ಬ್ರೌಸರ್‌ನ ವಿಳಾಸಪಟ್ಟಿಯಲ್ಲಿ 192.168.1.1 ಅಥವಾ 192.168.0.1 ಎಂದು ಬರೆದರೆ ಸಾಮಾನ್ಯವಾಗಿ ರೌಟರ್‌ನ ಪುಟ ತೆರೆಯುತ್ತದೆ. ಬಳಕೆದಾರನ ಹೆಸರು, ಗುಪ್ತಪದಗಳು ಹೆಚ್ಚಾಗಿ ರೌಟರ್‌ನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲೇ ಇರುತ್ತವೆ. ಡಿಎನ್‌ಎಸ್ ಖಾನೆಯಲ್ಲಿ ಹೊಸ ಅಂಕಿಗಳನ್ನು ತುಂಬಿ ಉಳಿಸಬೇಕು. ಆಮೇಲೆ ಮರೆಯದೆ ಆ ಗುಪ್ತಪದವನ್ನು ಬದಲಿಸಬೇಕು. ಚೀಟಿಯನ್ನು ಓದಲು ಮಕ್ಕಳಿಗೂ ಬರುತ್ತದೆಯಲ್ಲ! ಕೆಲವು ರೌಟರ್‌ಗಳಲ್ಲಿ ಐಪಿವಿ6 ಎಂಬ ಇನ್ನೊಂದು ಬಗೆಯ ವಿಳಾಸಕ್ಕೆ ಪ್ರತ್ಯೇಕ ಖಾನೆ ಇರುತ್ತದೆ. ಅದನ್ನು ಮರೆತರೆ ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟಂತೆ.

ರೌಟರ್ ಇಲ್ಲದ ಮನೆಗಳೇ ಹಳ್ಳಿಯಲ್ಲಿ ಹೆಚ್ಚು. ಮೊಬೈಲ್‌ನಿಂದಲೇ ಕಂಪ್ಯೂಟರಿಗೆ ಜಾಲ ಹಂಚುವ ಮನೆಗಳವು. ಅಂಥ ಕಡೆ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿಯೇ ಈ ಅಂಕಿಗಳನ್ನು ಬರೆಯಬಹುದು. ಆಂಡ್ರಾಯ್ಡ್ 9 ಮತ್ತು ಅದರ ನಂತರದ ಫೋನುಗಳಲ್ಲಿ 'ಪ್ರೈವೇಟ್ ಡಿಎನ್‌ಎಸ್' ಎಂಬ ಆಯ್ಕೆ ಇದೆ. ಅಲ್ಲಿ ಅಂಕಿಗಳ ಬದಲು ಆ ಸೇವೆಯ ಹೆಸರನ್ನು ಕೊಡಬೇಕಾಗುತ್ತದೆ.

ಮಗುವಿಗೆ ಬೇರೆ ಖಾತೆ

ಮೇಲಿನ ಎರಡೂ ಚಿಲಕಗಳು ನಿಲ್ಲಬೇಕಾದರೆ ಒಂದು ಷರತ್ತಿದೆ. ಕಂಪ್ಯೂಟರಿನ ಯಜಮಾನಿಕೆ ಹಿರಿಯರ ಕೈಯಲ್ಲಿರಬೇಕು. ಹೆಚ್ಚಿನ ಮನೆಗಳಲ್ಲಿ ಇರುವುದು ಒಂದೇ ಖಾತೆ. ಅದೂ ಮಗನೇ ತೆರೆದದ್ದು! ಬೇಲಿ ಕಾಯುವವನೇ ಹೊಲ ಮೇಯುವವನಾದರೆ ಕಾವಲಿಗೇನು ಬೆಲೆ?

ಹಿರಿಯರಿಗೆ ಗುಪ್ತಪದವಿರುವ 'ಅಡ್ಮಿನಿಸ್ಟ್ರೇಟರ್' ಖಾತೆ, ಮಕ್ಕಳಿಗೆ 'ಸ್ಟ್ಯಾಂಡರ್ಡ್' ಖಾತೆ ಎಂದು ಬೇರ್ಪಡಿಸಬೇಕು. ಆಗ ಹೋಸ್ಟ್ಸ್ ಕಡತವನ್ನಾಗಲಿ ಡಿಎನ್‌ಎಸ್ ಅಂಕಿಗಳನ್ನಾಗಲಿ ಮಕ್ಕಳು ತಿದ್ದಲಾರರು. ವಿಂಡೋಸ್‌ನಲ್ಲಿ 'ಫ್ಯಾಮಿಲಿ ಸೇಫ್ಟಿ' ಎಂಬ ಸೌಕರ್ಯವಿದೆ. ಅದರಲ್ಲಿ ಮಗುವಿನ ಖಾತೆಯನ್ನು ಸೇರಿಸಿದರೆ, ಎಷ್ಟು ಹೊತ್ತು ಕಂಪ್ಯೂಟರ್ ಬಳಸಬಹುದು ಎಂಬುದನ್ನು ಗೊತ್ತುಮಾಡಬಹುದು; ತೀರ ಚಿಕ್ಕವರಿಗಾದರೆ ಹಿರಿಯರು ಆರಿಸಿದ ತಾಣಗಳನ್ನು ಬಿಟ್ಟು ಬೇರೆ ಯಾವುದೂ ತೆರೆಯದಂತೆ ಮಾಡಬಹುದು. ಇದರ ಜರಡಿ ಎಡ್ಜ್ ಬ್ರೌಸರ್‌ನಲ್ಲಿ ಕೆಲಸ ಮಾಡುತ್ತದೆ. ಆಂಡ್ರಾಯ್ಡ್ ಫೋನಿಗೆ ಗೂಗಲ್‌ನ 'ಫ್ಯಾಮಿಲಿ ಲಿಂಕ್' ಇದೇ ಕೆಲಸ ಮಾಡುತ್ತದೆ. ಗೂಗಲ್ ಹುಡುಕಾಟದಲ್ಲಿ 'ಸೇಫ್‌ಸರ್ಚ್' ಎಂಬುದನ್ನು ಚಾಲೂ ಮಾಡಿದರೆ ಹುಡುಕಿದಾಗ ಅಸಹ್ಯ ಚಿತ್ರಗಳು ಮೇಲೆ ತೇಲಿ ಬರುವುದು ಬಹುಮಟ್ಟಿಗೆ ತಪ್ಪುತ್ತದೆ.

ರಂಗೋಲಿಯ ಕೆಳಗೆ ತೂರುವವರು

ಇಷ್ಟೆಲ್ಲ ಮಾಡಿದ ಮೇಲೆ ನಿಶ್ಚಿಂತೆಯೇ? ಅಲ್ಲ. ಪಾಲಕರು ಚಾಪೆಯ ಕೆಳಗೆ ತೂರಿದರೆ ಮಕ್ಕಳು ರಂಗೋಲಿಯ ಕೆಳಗೆ ತೂರುವ ಕಾಲವಿದು. ವಿಪಿಎನ್ ಎಂಬ ತಂತ್ರಾಂಶ ಮನೆಯ ಕಂಪ್ಯೂಟರಿನಿಂದ ದೂರದೇಶದ ಕಂಪ್ಯೂಟರಿಗೆ ಸುರಂಗ ಕೊರೆದಂತೆ ಕೆಲಸ ಮಾಡುತ್ತದೆ. ಹೆಬ್ಬಾಗಿಲ ಕಾವಲುಗಾರನಿಗೆ ಸುರಂಗದೊಳಗೆ ಏನು ಸಾಗುತ್ತಿದೆ ಎಂಬುದು ಕಾಣುವುದಿಲ್ಲ. ಕೆಲವು ಬ್ರೌಸರುಗಳಲ್ಲಿ 'ಸೆಕ್ಯೂರ್ ಡಿಎನ್‌ಎಸ್' ಎಂಬ ಆಯ್ಕೆ ಇದೆ. ಅದನ್ನು ಬದಲಿಸಿದರೆ ರೌಟರ್ ಹೇಳಿದ ಕೇಂದ್ರವನ್ನು ಬಿಟ್ಟು ಬೇರೆಡೆ ವಿಚಾರಿಸಬಹುದು. ಇದಾವುದೂ ಬೇಡ, ಗೆಳೆಯನ ಮೊಬೈಲ್ ಇದ್ದರೆ ಸಾಕು!

ಇನ್ನೊಂದು ಮಿತಿಯೂ ಇದೆ. ಡಿಎನ್‌ಎಸ್ ಕಾವಲುಗಾರನಿಗೆ ಗೊತ್ತಾಗುವುದು ಮನೆ ಮಾತ್ರ, ಮನೆಯೊಳಗಿನ ಕೋಣೆಯಲ್ಲ. ಯೂಟ್ಯೂಬ್ ಎಂಬ ಒಂದೇ ತಾಣದಲ್ಲಿ ಗಣಿತದ ಪಾಠವೂ ಇದೆ, ನೋಡಬಾರದ್ದೂ ಇದೆ. ಅದನ್ನು ಪೂರ್ತಿ ಬಿಡಬೇಕು, ಇಲ್ಲವೇ ಪೂರ್ತಿ ಮುಚ್ಚಬೇಕು. ವಾಟ್ಸ್ಆ್ಯಪ್‌ನಲ್ಲಿ ಯಾರೋ ಕಳಿಸಿದ ಚಿತ್ರವನ್ನಂತೂ ಈ ಯಾವ ಚಿಲಕವೂ ತಡೆಯದು.

ಜರಡಿಯಲ್ಲಿ ಉದುರುವ ಚಿನ್ನ

ಸೋಲು ಇನ್ನೊಂದು ದಿಕ್ಕಿನಿಂದಲೂ ಬರುತ್ತದೆ. ಬೇಡದ್ದು ನುಸುಳುವುದು ಒಂದು ತೊಂದರೆಯಾದರೆ, ಬೇಕಾದದ್ದು ಸಿಗದೆ ಹೋಗುವುದು ಇನ್ನೊಂದು. ಗುರುಗುಂಟಾದ ನೆರೆಯ ಹಟ್ಟಿಯ ಚಿನ್ನದ ಗಣಿಯಲ್ಲಿ ಒಂದು ಟನ್ ಅದಿರನ್ನು ಅರೆದರೆ ಸಿಗುವ ಚಿನ್ನ ಕೆಲವೇ ಗ್ರಾಂ. ಎಷ್ಟೇ ಜಾಗ್ರತೆಯಿಂದ ಬೇರ್ಪಡಿಸಿದರೂ ಹೊರಗೆ ಸುರಿದ ಪುಡಿಯಲ್ಲಿ ಒಂದಿಷ್ಟು ಚಿನ್ನ ಉಳಿದೇ ಇರುತ್ತದೆ. ಅಂತರ್ಜಾಲದ ಜರಡಿಯೂ ಹಾಗೆಯೇ.

1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಎಂಬ ಊರಿನವರಿಗೆ ಒಂದು ವಿಚಿತ್ರ ಅನುಭವವಾಯಿತು. ಅಮೆರಿಕದ ಎಓಎಲ್ ಸೇವೆಗೆ ಹೆಸರು ನೋಂದಾಯಿಸಲು ಹೋದರೆ ಅವರ ಊರಿನ ಹೆಸರನ್ನೇ ಕಂಪ್ಯೂಟರ್ ಒಪ್ಪಲಿಲ್ಲ. ಆ ಹೆಸರಿನ ಇಂಗ್ಲಿಷ್ ಅಕ್ಷರಗಳ ನಡುವೆ ಒಂದು ಬೈಗುಳ ಅಡಗಿ ಕುಳಿತಿತ್ತು! ಜರಡಿಗೆ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ಇಂಥ ತಪ್ಪಿಗೆ ಇಂದಿಗೂ ಆ ಊರಿನ ಹೆಸರೇ ಅಂಟಿಕೊಂಡಿದೆ.

ಸರ್ಕಾರದ ಜರಡಿಯೂ ಇದಕ್ಕೆ ಹೊರತಲ್ಲ. 2014ರ ಡಿಸೆಂಬರ್‌ನಲ್ಲಿ ಭಾರತ ಸರ್ಕಾರ 32 ತಾಣಗಳನ್ನು ತಡೆಯಲು ಆದೇಶಿಸಿದಾಗ, ಲೋಕದ ತಂತ್ರಾಂಶ ರಚಕರೆಲ್ಲ ಬಳಸುವ ಗಿಟ್‌ಹಬ್ ಕೂಡ ಅದರಲ್ಲಿ ಸಿಕ್ಕಿಬಿದ್ದಿತ್ತು, ಬಳಿಕ ಬಿಡುಗಡೆಯಾಯಿತು. 2015ರ ಜುಲೈ ಕೊನೆಯಲ್ಲಿ 857 ತಾಣಗಳನ್ನು ತಡೆಯಲು ಆದೇಶ ಹೊರಟು, ಕೆಲವೇ ದಿನಗಳಲ್ಲಿ ಸಡಿಲಗೊಂಡಿತು. 2018ರಲ್ಲಿ ಉತ್ತರಾಖಂಡ ಹೈಕೋರ್ಟಿನ ಆದೇಶದ ಬಳಿಕ 827 ಅಶ್ಲೀಲ ತಾಣಗಳನ್ನು ತಡೆಯುವಂತೆ ಇಂಟರ್‌ನೆಟ್ ಸಂಸ್ಥೆಗಳಿಗೆ ಸೂಚನೆ ಹೋಯಿತು. ದೇಶದ ಬಾಗಿಲಲ್ಲಿ ಕಾವಲಿದ್ದರೂ ಮನೆಯ ಬಾಗಿಲಿನ ಪ್ರಶ್ನೆ ಮುಗಿಯಲಿಲ್ಲ ಎಂಬುದಕ್ಕೆ ಪಾಲಕರ ಆತಂಕವೇ ಸಾಕ್ಷಿ.

ಮನೆಯ ಮಟ್ಟಿಗೆ ಇದರ ಅರ್ಥವೇನು? ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ. ಋತುಸ್ರಾವದ ಬಗ್ಗೆ, ಸ್ತನ ಕ್ಯಾನ್ಸರ್ ಬಗ್ಗೆ ತಿಳಿಯಲು ಬಯಸುವ ಹುಡುಗಿ ಮನೆಯಲ್ಲಿ ಬಾಯಿಬಿಟ್ಟು ಕೇಳಲು ನಾಚುತ್ತಾಳೆ, ಕಂಪ್ಯೂಟರನ್ನು ಕೇಳುತ್ತಾಳೆ. ಬರೀ ಪದಗಳನ್ನು ನೋಡಿ ತಡೆಯುವ ಒರಟು ಜರಡಿ ಆಕೆಗೂ 'ಇದು ನಿಷಿದ್ಧ' ಎಂದುಬಿಟ್ಟರೆ? ತಿಳಿಯಬೇಕಾದ್ದನ್ನು ಕೇಳಿದ್ದೇ ತಪ್ಪು ಎಂಬ ಭಾವನೆ ಎಳೆಯ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಆದ್ದರಿಂದ ಚಿಲಕ ಹಾಕುವಾಗಲೇ 'ಬೇಕಾದದ್ದು ಸಿಗದಿದ್ದರೆ ಬಂದು ಕೇಳು, ತೆಗೆದುಕೊಡೋಣ' ಎಂಬ ಮಾತನ್ನೂ ಹೇಳಿರಬೇಕು.

ಚಿಲಕಕ್ಕಿಂತ ದೊಡ್ಡದು

ಕದ್ದು ಚಿಲಕ ಹಾಕುವುದಕ್ಕೂ ಹೇಳಿ ಹಾಕುವುದಕ್ಕೂ ಬಹಳ ಅಂತರವಿದೆ. ಮಗು ಮಲಗಿದ ಮೇಲೆ ಸದ್ದಿಲ್ಲದೆ ಗೂಢಚಾರ ತಂತ್ರಾಂಶ ಹಾಕಿಟ್ಟರೆ, ಒಂದಲ್ಲ ಒಂದು ದಿನ ಅದು ಗೊತ್ತಾಗುತ್ತದೆ. ಅಂದಿನಿಂದ ಆ ಮಗು ಕಲಿಯುವುದು ಒಂದೇ ಪಾಠ: ಇನ್ನೂ ಚೆನ್ನಾಗಿ ಮುಚ್ಚಿಡುವುದು.

ಮುಚ್ಚಿಡುವುದರ ಅಪಾಯ ಸಣ್ಣದಲ್ಲ. ಹದಿನಾಲ್ಕರ ಹುಡುಗನಿಗೆ ಅಪರಿಚಿತನೊಬ್ಬ ಜಾಲದಲ್ಲಿ ಗೆಳೆಯನಾಗಿ, ಒಂದು ಚಿತ್ರ ತರಿಸಿಕೊಂಡು, 'ಹಣ ಕಳಿಸದಿದ್ದರೆ ಊರಿಗೆಲ್ಲ ತೋರಿಸುತ್ತೇನೆ' ಎಂದು ಬೆದರಿಸಿದನೆಂದುಕೊಳ್ಳಿ. ಆ ರಾತ್ರಿ ಹುಡುಗ ಯಾರ ಬಳಿ ಹೋಗಬೇಕು? ಮನೆಯಲ್ಲಿ ಮೊದಲು ಬೀಳುವುದು ಏಟು ಎಂದು ಗೊತ್ತಿದ್ದರೆ ಆತ ಹೇಳುವುದಿಲ್ಲ. ಬೆದರಿಸುವವನು ನಂಬಿರುವುದೂ ಈ ಅಂಜಿಕೆಯನ್ನೇ. 'ಏನೇ ಆದರೂ ಮೊದಲು ನಮಗೆ ಹೇಳು, ಬೈಯುವುದಿಲ್ಲ' ಎಂಬ ಮಾತು ಮೊದಲೇ ಆಗಿದ್ದ ಮನೆಯಲ್ಲಿ ಆ ಅಸ್ತ್ರ ಮೊಂಡಾಗುತ್ತದೆ. ಅಂಥ ಸಂದರ್ಭದಲ್ಲಿ ಹಣ ಕಳಿಸಬಾರದು. ಸಂದೇಶಗಳನ್ನು ಅಳಿಸಬಾರದು, ಅವೇ ಸಾಕ್ಷ್ಯ. ಸೈಬರ್ ವಂಚನೆಗೆ 1930, ಸಂಕಷ್ಟದಲ್ಲಿರುವ ಮಕ್ಕಳಿಗೆ 1098 ಸಹಾಯವಾಣಿಗಳಿವೆ.

ಹಣ ಕಟ್ಟಿ ಆಡುವ ಆಟಗಳದ್ದು ಇನ್ನೊಂದು ಕಥೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಆದರೆ ಕಾನೂನು ಬಂದ ಮಾತ್ರಕ್ಕೆ ಚಟ ಬಿಡುವುದಿಲ್ಲ. ಆಟದ ಚಟ ಒಂದು ಕಾಯಿಲೆಯ ಮಟ್ಟಕ್ಕೆ ಹೋಗಬಲ್ಲದು ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಒಪ್ಪಿದೆ. 2022ರ ಜನವರಿಯಿಂದ ಜಾರಿಗೆ ಬಂದ ಅದರ ರೋಗಗಳ ಪಟ್ಟಿಯಲ್ಲಿ ಇದಕ್ಕೂ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿಯೇ 'ಷಟ್' ಎಂಬ ಚಿಕಿತ್ಸಾಲಯವನ್ನು ಇದಕ್ಕಾಗಿ ತೆರೆಯಿತು. ಆ ಹೆಸರನ್ನು ಬಿಡಿಸಿದರೆ ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ಸೇವೆ ಎಂದಾಗುತ್ತದೆ. ತಂತ್ರಜ್ಞಾನವನ್ನು ಬಿಡಿಸುವ ಸೇವೆ ಎಂದಿಲ್ಲ, ಗಮನಿಸಿ. ಗುರುಗುಂಟಾದಿಂದ ಬೆಂಗಳೂರು ದೂರವೇನೋ ನಿಜ. ಆದರೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416ಕ್ಕೆ ಕರೆ ಮಾಡಿದರೆ ಸಾಕು. ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.

ಹಾಗಾದರೆ ಮನೆಯಲ್ಲಿ ಮಾಡಬೇಕಾದುದೇನು? ಕಂಪ್ಯೂಟರನ್ನು ಒಳಕೋಣೆಯಿಂದ ಪಡಸಾಲೆಗೆ ತರುವುದು ಮೊದಲ ಕೆಲಸ. ಅದಕ್ಕೆ ಯಾವ ತಂತ್ರಜ್ಞಾನವೂ ಬೇಡ. ಎಂಟು ಹತ್ತು ವಯಸ್ಸಿನವರಿಗೆ ಆರಿಸಿದ ತಾಣಗಳು ಮಾತ್ರ. ಹೈಸ್ಕೂಲಿಗೆ ಬಂದವರಿಗೆ ಡಿಎನ್‌ಎಸ್ ಜರಡಿ, ಬೇರೆ ಖಾತೆ, ಗೊತ್ತಾದ ವೇಳೆ. ಕಾಲೇಜು ಮೆಟ್ಟಿಲೇರುವ ಹೊತ್ತಿಗೆ ಒಂದೊಂದೇ ಚಿಲಕ ಸಡಿಲಿಸುತ್ತ, ತನ್ನ ಬಾಗಿಲನ್ನು ತಾನೇ ಹಾಕಿಕೊಳ್ಳುವುದನ್ನು ಕಲಿಸಬೇಕು. ಹಿರಿಯರಿಗೂ ಒಂದು ನಿಯಮ ಅಗತ್ಯ. ಊಟದ ಹೊತ್ತಿನಲ್ಲಿ ಅಪ್ಪನ ಕಣ್ಣು ಮೊಬೈಲ್ ಮೇಲಿದ್ದರೆ ಮಗನಿಗೆ ಹೇಳುವ ಬುದ್ಧಿಮಾತು ಕಿವಿಗೆ ಬಿದ್ದೀತೇ ಹೊರತು ಮನಸ್ಸಿಗೆ ಇಳಿಯದು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಎಲ್ಲರಿಗೂ ಗೊತ್ತು. ಬಾಗಿಲು ಹಾಕಲು ಒಂದು ಭಾನುವಾರದ ಮಧ್ಯಾಹ್ನ ಸಾಕು. ಆ ಕೆಲಸಕ್ಕೆ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು, 'ಈ ಅಂಕಿಗಳನ್ನು ಎಲ್ಲಿ ಬರೆಯಬೇಕು, ನೀನೇ ತೋರಿಸು' ಎಂದರೆ ಇನ್ನೂ ಒಳ್ಳೆಯದು. ಹೇಗಿದ್ದರೂ ಅದು ಅವರಿಗೇ ಚೆನ್ನಾಗಿ ಗೊತ್ತು. ಜಾತ್ರೆಯಲ್ಲಿ ಹಿಡಿದ ಕೈಯನ್ನು ಮಗು ಬಂಧನವೆಂದು ತಿಳಿಯುವುದಿಲ್ಲ. ಜೊತೆಗೆ ನಡೆಯುವವರ ಕೈ ಅದು ಎಂದು ಅದಕ್ಕೆ ಗೊತ್ತಿರುತ್ತದೆ.